ಲಾಕ್ ಬಿಟ್ಟು ಹಿಡಿಯುವ ನಡುವೆ

ನಾನು ಅವಳನ್ನು ಮೊದಲ ಸಲ ನೋಡಿದ್ದು ಜಗಳ ಆಡಲು ಹೋದಾಗ.

ಕೆಟ್ಟು ಬಿದ್ದ ಕಂಪ್ಯೂಟರ್ ಯಂತ್ರವನ್ನು ನಾನು ಕ್ಷಮಿಸಬಲ್ಲೆ. ಬೀಳುವಾಗ ಅದು ಏನಾದರೂ ಬಡಬಡಿಸುತ್ತದೆ, ಪರದೆಯ ಮೇಲೆ ನಾಲ್ಕು ಸಾಲು ಉಗುಳುತ್ತದೆ, ಎಲ್ಲಿ ಏಟಾಯಿತೆಂದು ತೋರಿಸಿ ಸಾಯುತ್ತದೆ. ನಿಂತ ಯಂತ್ರ ಹಾಗಲ್ಲ. ದೀಪ ಉರಿಯುತ್ತಿರುತ್ತದೆ, ಫ್ಯಾನು ತಿರುಗುತ್ತಿರುತ್ತದೆ, ಕರ್ಸರ್ ಕಣ್ಣು ಮಿಟುಕಿಸುತ್ತಲೇ ಇರುತ್ತದೆ. ಒಳಗಿನಿಂದ ಮಾತ್ರ ಉತ್ತರವಿಲ್ಲ. ಮುನಿಸಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದವರ ಹಾಗೆ.

ಆ ಬೆಳಗ್ಗೆ ನನ್ನ ಟೆಸ್ಟ್ ಯಂತ್ರಗಳೆಲ್ಲ ಸಾಲಾಗಿ ಹಾಗೆ ನಿಂತುಬಿಟ್ಟಿದ್ದವು. ನಾನು ಆ ಆಫೀಸಿಗೆ ಸೇರಿ ವಾರವೂ ತುಂಬಿರಲಿಲ್ಲ. ಅಲ್ಲಿ ಬರೆಯುತ್ತಿದ್ದದ್ದು ಒಂದು ಆಪರೇಟಿಂಗ್ ಸಿಸ್ಟಮ್ಮಿನ ಫೈಲ್ ಸಿಸ್ಟಮ್. ಜನ ಅದನ್ನು ಕಣ್ಣಿಂದ ಕಾಣುವುದಿಲ್ಲ. ಡಿಸ್ಕ್ ಎನ್ನುವುದು ಸೊನ್ನೆ ಮತ್ತು ಒಂದುಗಳ ಬಟಾಬಯಲು. ಅದರಲ್ಲಿ ಇದು ಫೋಲ್ಡರ್, ಇದು ಅದರೊಳಗಿನ ಫೈಲ್, ಇದು ಯಾರದೋ ಮಗುವಿನ ಫೋಟೋ ಎಂದು ಗೆರೆ ಎಳೆದು ಕಾಯುವ ಕೋಡ್ ಅದು. ಒಂದೇ ಫೋಲ್ಡರಿನೊಳಗೆ ಒಂದೇ ಕ್ಷಣದಲ್ಲಿ ಹತ್ತಾರು ಪ್ರೋಗ್ರಾಮುಗಳು ಕೈ ಹಾಕುತ್ತವೆ. ಎಲ್ಲ ಸೇರಿ ಕಲಸುಮೇಲೋಗರ ಆಗಬಾರದೆಂದು ಪ್ರತಿ ಫೋಲ್ಡರಿಗೂ ಒಂದು ಲಾಕ್. ಹಿಡಿದವರು ಒಳಗೆ, ಉಳಿದವರು ಬಾಗಿಲಲ್ಲಿ. ಆ ಲಾಕುಗಳನ್ನು ಬರೆದವಳು ಅವಳು.

ನಾನು ಧುಮುಗುಡುತ್ತ ಹಜಾರದ ಆ ತುದಿಗೆ ಹೋದೆ. ಅವಳು ಕಿತ್ತಳೆ ಹಣ್ಣು ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ಮೊದಲು ನನ್ನ ಕೈಗಳನ್ನು ನೋಡಿದಳು, ಬಿಗಿದ ಎರಡು ಮುಷ್ಟಿಗಳನ್ನು. ಆಮೇಲೆ ನಿಧಾನವಾಗಿ, ಅವಸರವೇ ಇಲ್ಲದ ಹಾಗೆ, ಮುಖ.

"ಇದನ್ನ ಬರೆದೋರು ಯಾರು?" ಎಂದೆ.

"ನಾನೇ," ಎಂದಳು. "ನಿಂತ್ಕೊಂಡು ಬೈತೀರಾ, ಕೂತ್ಕೊಂಡಾ?"

ನಗೆ ಅವಳ ತುಟಿಗೆ ಬಂದಿರಲಿಲ್ಲ, ಕಣ್ಣಿನ ಮೂಲೆಯಲ್ಲೇ ಎಲ್ಲೋ ಕಾಯುತ್ತಿತ್ತು. ಕೂತೆ. ಬೈಯಲು ಬಂದವನಿಗೆ ಕುರ್ಚಿ ಕೊಡಬಾರದು. ಅರ್ಧ ಸಿಟ್ಟು ಮೊಣಕಾಲಲ್ಲೇ ಇಳಿದುಹೋಗುತ್ತದೆ.

ನಿಂತದ್ದು ಯಾಕೆಂದು ಅವಳು ಹಣ್ಣಿನ ತೊಳೆ ಬಿಡಿಸುತ್ತಲೇ ವಿವರಿಸಿದಳು. ಒಂದು ಪ್ರೋಗ್ರಾಮ್ ಈ ಫೋಲ್ಡರಿನಿಂದ ಆ ಫೋಲ್ಡರಿಗೆ ಫೈಲು ಸರಿಸಬೇಕು. ಈ ಲಾಕ್ ಹಿಡಿದಿದೆ, ಆ ಲಾಕಿಗಾಗಿ ಕಾದಿದೆ. ಇನ್ನೊಂದು ಅದೇ ಹೊತ್ತಿಗೆ ಆ ಕಡೆಯಿಂದ ಈ ಕಡೆಗೆ ಸರಿಸಬೇಕು. ಅದು ಆ ಲಾಕ್ ಹಿಡಿದು ಈ ಲಾಕಿಗಾಗಿ ಕಾದಿದೆ.

"ಇಬ್ಬರೂ ಮರ್ಯಾದಸ್ಥರೇ," ಎಂದಳು. "ಕೈಲಿರೋದನ್ನ ಬಿಡಲ್ಲ. ಇನ್ನೊಬ್ಬರದನ್ನ ಕಿತ್ಕೊಳ್ಳಲ್ಲ. ಅದಕ್ಕೇ ಪ್ರಳಯ ಆಗೋವರೆಗೂ ಹಾಗೇ ನಿಂತಿರ್ತಾರೆ."

ತಪ್ಪು ಯಾರದೆಂದು ಕೇಳಿದೆ. ಯಾರದೂ ಅಲ್ಲ ಎಂದಳು. ನನಗೆ ಇನ್ನಷ್ಟು ಮೈ ಉರಿಯಿತು. ನಾನು ಯಾರದಾದರೂ ಕುತ್ತಿಗೆಪಟ್ಟಿ ಹಿಡಿಯಬೇಕೆಂದು ಅಷ್ಟು ದೂರ ನಡೆದು ಬಂದಿದ್ದೆ.

ಅವಳು ಎರಡು ತೊಳೆ ನನ್ನ ಕಡೆ ಸರಿಸಿದಳು. ತಿಂದೆ. ಹುಳಿಯಾಗಿತ್ತು. ಮುಖ ಹಿಂಡಿದ್ದನ್ನು ನೋಡಿ, ಕಣ್ಣಿನ ಮೂಲೆಯಲ್ಲಿ ಕಾಯುತ್ತಿದ್ದ ಆ ನಗೆ ಕೊನೆಗೂ ಹೊರಗೆ ಬಂತು.

*

ನನಗೆ ಸಿಟ್ಟು ಹುಟ್ಟಿನಿಂದ ಬಂದದ್ದು ಎಂದು ಅಣ್ಣ ಹೇಳುತ್ತಾನೆ. ಸುಳ್ಳು. ಶಾಲೆಯಿಂದ ಬಂದದ್ದು. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ, ಕೇಳಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಒಂದು ದಿನ ಬೆಂಚಿನಿಂದ ಇಳಿದವನು ನೇರ ಗೇಟಿನಿಂದಾಚೆ ಹೋದೆ. ಮತ್ತೆ ಹೋಗಲಿಲ್ಲ. ಸತ್ತ ಡಿಸ್ಕುಗಳಿಂದ ಜನರ ಫೋಟೋ, ಲೆಕ್ಕಪತ್ರ ಎತ್ತಿಕೊಡುವ ಅಂಗಡಿಯೊಂದರಲ್ಲಿ ಕೆಲಸ ಕಲಿತೆ. ಅಲ್ಲಿಗೆ ತಮ್ಮ ಡಿಸ್ಕ್ ಹಿಡಿದುಕೊಂಡು ಬಂದವರೊಬ್ಬರು ನನ್ನ ಕೆಲಸ ನೋಡಿ, ನಮ್ಮಲ್ಲಿಗೆ ಬರ್ತೀಯೇನಪ್ಪಾ ಎಂದು ಕರೆದರು. ಅವರೇ ನಮ್ಮ ಗುಂಪಿನ ಹಿರಿಯರು. ಎಂದೂ ಪಾಠ ಮಾಡಿದವರಲ್ಲ, ಆದರೆ ಮಾತು ಮಾತಿಗೂ ಕಿವಿ ಹಿಂಡುವ ಚಾಳಿಯಿಂದ ಎಲ್ಲರ ಬಾಯಲ್ಲೂ ಮೇಷ್ಟ್ರು. ನಾನು ಎರಡನೆಯ ದಿನಕ್ಕೇ ದೂರ್ವಾಸ ಆಗಿದ್ದೆ.

ಮೇಷ್ಟ್ರು ಜಗಳದ ಸುದ್ದಿ ಕೇಳಿ, ಹಾಗಾದರೆ ಆ ಸರಿಸುವ ಕೋಡನ್ನು ನೀನೇ ಹೊಸದಾಗಿ ಬರೆ, ಅವಳು ಓದಲಿ ಎಂದರು.

ಓದುವುದು ಎಂದರೆ ನಮ್ಮಲ್ಲಿ ಬೇರೆಯೇ ಅರ್ಥ. ಒಬ್ಬರು ಬರೆದ ಲಾಕಿನ ಕೋಡ್ ಹಾಗೇ ಒಳಗೆ ಹೋಗುವುದಿಲ್ಲ. ಇನ್ನೊಬ್ಬರು ಪಕ್ಕದಲ್ಲಿ ಕೂತು ಅದನ್ನು ಸಾಲು ಸಾಲಾಗಿ ಗಟ್ಟಿಯಾಗಿ ಓದಬೇಕು. ಬರೆದವನು ಎರಡೂ ಕೈ ಮೇಜಿನ ಮೇಲಿಟ್ಟಿರಬೇಕು. ಲಾಕ್ ಹಿಡಿದ ಸಾಲು ಬಂದಾಗ ಒಂದು ಬೆರಳು ಎತ್ತಬೇಕು, ಬಿಟ್ಟ ಸಾಲು ಬಂದಾಗ ಅದೇ ಬೆರಳು ಮಡಿಸಬೇಕು. ಕೊನೆಯ ಸಾಲಿಗೆ ಒಂದು ಬೆರಳು ಎದ್ದಿದ್ದರೂ ಕೋಡ್ ವಾಪಸ್. ಹೊರಗಿನಿಂದ ನೋಡಿದವರಿಗೆ ಮಕ್ಕಳಾಟ ಅನಿಸಬೇಕು. ನನಗೂ ಅನಿಸಿತ್ತು, ಅವಳು ಓದಲು ಶುರುಮಾಡುವವರೆಗೆ.

ಅವಳು ಅವಸರವಿಲ್ಲದೆ ಓದುತ್ತಿದ್ದಳು. ಕಣ್ಣು ಪರದೆಯ ಮೇಲಿದ್ದರೂ ನನ್ನ ಬೆರಳು ತಪ್ಪಿದ್ದು ಅವಳಿಗೆ ಹೇಗೋ ತಿಳಿಯುತ್ತಿತ್ತು. ಓದು ನಿಲ್ಲುತ್ತಿತ್ತು. ತಲೆ ತಿರುಗಿಸದೆ, ಕಡೆಗಣ್ಣಿನಲ್ಲಿ ಒಮ್ಮೆ ನನ್ನ ಕೈ ಕಡೆ, ಒಮ್ಮೆ ನನ್ನ ಕಡೆ. ಆ ಎರಡನೆಯ ನೋಟ ಅಗತ್ಯಕ್ಕಿಂತ ಒಂದು ಉಸಿರು ಹೆಚ್ಚು ನಿಲ್ಲುತ್ತಿತ್ತು. ನಾನು ಬೇಕೆಂದೇ ಬೆರಳು ಮಡಿಸದೆ ಉಳಿಸಿಕೊಳ್ಳತೊಡಗಿದೆ.

ಒಂದು ಮಧ್ಯಾಹ್ನ ಅವಳು ಓದುವುದನ್ನು ನಿಲ್ಲಿಸಿ, ತನ್ನ ಪೆನ್ನಿನ ತುದಿಯಿಂದ ನನ್ನ ತೋರುಬೆರಳನ್ನು ಮೆಲ್ಲಗೆ ಒತ್ತಿ ಮಡಿಸಿದಳು.

"ಇದು ಮರೆತಿದ್ದಲ್ಲ," ಎಂದಳು. "ಕಳ್ಳತನ."

ನೀವು ಎನ್ನುತ್ತಿದ್ದವಳು ಆ ವಾರವೇ ನೀನು ಎನ್ನತೊಡಗಿದಳು. ನನ್ನ ಬಾಯಲ್ಲಿ ಮಾತ್ರ ನೀವು ಅಂಟಿಕೊಂಡೇ ಇತ್ತು. ಸಲಿಗೆ ಬೇಕಿತ್ತು, ಧೈರ್ಯ ಇರಲಿಲ್ಲ. ಊರನ್ನೆಲ್ಲ ಬೈಯುವವನಿಗೆ ಒಂದು ಏಕವಚನಕ್ಕೆ ನಾಲಿಗೆ ಹೊರಳುತ್ತಿರಲಿಲ್ಲ.

ನಿಂತುಬಿಡುವ ಕಾಯಿಲೆಗೆ ಮದ್ದು ಸರಳವೇ. ಪ್ರತಿ ಫೋಲ್ಡರಿಗೂ ಒಂದು ಸಂಖ್ಯೆ ಇರುತ್ತದೆ. ಎರಡು ಲಾಕ್ ಬೇಕಾದವರು ಯಾರೇ ಇರಲಿ, ಚಿಕ್ಕ ಸಂಖ್ಯೆಯದನ್ನೇ ಮೊದಲು ಹಿಡಿಯಬೇಕು. ಎಲ್ಲರೂ ಒಂದೇ ಕ್ರಮದಲ್ಲಿ ಹಿಡಿದರೆ ಎದುರುಬದುರು ನಿಲ್ಲುವ ಪ್ರಶ್ನೆಯೇ ಇಲ್ಲ. ಚಿಕ್ಕದೇ ಯಾಕೆ ಮೊದಲು ಎಂದು ನಾನು ಕ್ಯಾತೆ ತೆಗೆದೆ. ಯಾಕೂ ಇಲ್ಲ ಎಂದಳು. ಯಾಕೂ ಇಲ್ಲದ ನಿಯಮಕ್ಕೆ ತಲೆ ಬಾಗುವವನಲ್ಲ ನಾನು ಎಂದೆ. ದೊಡ್ಡದು ಮೊದಲು ಎಂದು ಬರೆ, ನನಗೇನೂ ಇಲ್ಲ, ಆದರೆ ಒಂದನ್ನು ಒಪ್ಪಿಕೊ ಎಂದಳು. ನಾನು ಅದೇ ಹಠಕ್ಕೆ ದೊಡ್ಡದು ಮೊದಲು ಎಂದು ಬರೆದೆ. ಅವಳು ಏನೂ ಅನ್ನದೆ ತನ್ನ ಹಳೆಯ ಕೋಡನ್ನೆಲ್ಲ ಅದಕ್ಕೆ ತಕ್ಕಂತೆ ತಿದ್ದಿದಳು. ನನ್ನ ಮಾತಿಗೆ ಯಾರಾದರೂ ಹಾಗೆ ದಾರಿ ಬಿಟ್ಟದ್ದು ಅದೇ ಮೊದಲು. ಅವತ್ತು ಮನೆಗೆ ಬಸ್ಸು ಹತ್ತದೆ ನಡೆದುಕೊಂಡೇ ಹೋದೆ.

ನಾನು ಅಣ್ಣ ಅತ್ತಿಗೆಯ ಜೊತೆ ಇದ್ದೆ. ಅತ್ತಿಗೆ ಬಾಗಿಲು ತೆಗೆದವರು ನನ್ನ ಮುಖವನ್ನೇ ನೋಡಿದರು.

"ಏನಪ್ಪಾ, ಇವತ್ತು ಯಾರ ಜೊತೆ ಜಗಳ ಸೋತ್ಯೋ?"

"ಗೆದ್ದೆ ಅತ್ತಿಗೆ."

"ಗೆದ್ದೋರ ಮುಖ ಹೀಗಿರಲ್ಲ," ಎಂದರು ಅತ್ತಿಗೆ. ಆಮೇಲೆ ಒಳಗೆ ಅಣ್ಣನಿಗೆ ಏನೋ ಹೇಳಿ ನಗುತ್ತಿದ್ದದ್ದು ಕೇಳಿಸಿತು.

*

ಅವಳು ಆ ವಿಷಯ ಹೇಳಿದ್ದು ಆಫೀಸಿನ ತಾರಸಿಯ ಮೇಲೆ. ಊಟ ಮುಗಿಸಿ ಅಲ್ಲಿ ನಾಲ್ಕು ಹೆಜ್ಜೆ ಓಡಾಡುವುದು ನಮಗೆ ರೂಢಿಯಾಗಿತ್ತು. ನೀರಿನ ಟ್ಯಾಂಕಿನ ನೆರಳಿನಲ್ಲಿ ನಿಂತು, ಕೆಳಗೆ ಬೀದಿಯಲ್ಲಿ ಯಾರೋ ಮಂಚವೊಂದನ್ನು ತಳ್ಳುಗಾಡಿಗೆ ಏರಿಸಲು ಪಡುತ್ತಿದ್ದ ಪಾಡು ನೋಡುತ್ತಿದ್ದೆವು.

ದೂರದ ಒಂದು ಸಂಸ್ಥೆಯಿಂದ ಕರೆ ಬಂದಿದೆ ಎಂದಳು. ಅಲ್ಲಿ ಹೊಸ ಫೈಲ್ ಸಿಸ್ಟಮ್ ಒಂದನ್ನು ಮೊದಲ ಸಾಲಿನಿಂದ ಬರೆಯುತ್ತಾರಂತೆ. ಲಾಕುಗಳ ಭಾಗ ಪೂರ್ತಿ ಅವಳದೇ. ಇಲ್ಲಿ ಅವಳು ಮಾಡುತ್ತಿದ್ದದ್ದು ಹಳೆಯ ಮನೆಗೆ ತೇಪೆ ಹಾಕುವ ಕೆಲಸ. ಅಲ್ಲಿ ಅಡಿಪಾಯವೇ ಅವಳ ಕೈಯದು. ಹೇಳುವಾಗ ಅವಳ ಕಣ್ಣು ಬೀದಿಯನ್ನು ಬಿಟ್ಟು ಎಲ್ಲೋ ಹೋಗಿತ್ತು. ಆ ಎಲ್ಲೋ ಎನ್ನುವಲ್ಲಿ ನಾನು ಇರಲಿಲ್ಲ ಎಂದು ನನಗೆ ಅನಿಸಿತು.

"ಇನ್ನೂ ಏನೂ ಹೇಳಿಲ್ಲ ಅವರಿಗೆ," ಎಂದಳು. "ನೀನೇನಂತೀಯಾ?"

ನಾನು ಏನನ್ನಬೇಕಿತ್ತೋ ಅದು ನನಗೆ ಗೊತ್ತಿತ್ತು. ಅದರ ಮೇಲೆ ಸಿಟ್ಟು ಕೂತಿತ್ತು. ಓದಿದವರು ಹೀಗೇ, ಬೇರೆಡೆ ಬಾಗಿಲು ತೆರೆಯಿತೆಂದರೆ ಹೊರಟುಬಿಡುತ್ತಾರೆ ಎನ್ನುವ ಹಳೆಯ ಸಿಟ್ಟು.

"ಹೋಗೋರನ್ನ ಹಿಡ್ಕೊಳ್ಳೋಕೆ ನಾನ್ಯಾರು," ಎಂದೆ.

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಾನು ಮೆಟ್ಟಿಲ ಹತ್ತಿರ ಇದ್ದೆ.

ಮರುದಿನ ಮೇಷ್ಟ್ರ ಬಳಿ ಹೋಗಿ, ನನಗೆ ಓದಲು ಬೇರೆಯವರನ್ನು ಕೊಡಿ ಎಂದೆ. ಹೋಗುವವರ ಹತ್ತಿರ ಅರ್ಧ ಓದಿಸಿ ಏನು ಮಾಡಲಿ, ಈಗಿನಿಂದಲೇ ಅಭ್ಯಾಸ ಆಗಲಿ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಮ್ಮಲ್ಲಿ ನಡುವೆ ಓದುವವರನ್ನು ಬದಲಿಸುವುದು ಸಣ್ಣ ಮಾತಲ್ಲ. ನಿಮ್ಮ ಕಣ್ಣಿನ ಮೇಲೆ ನನಗೆ ನಂಬಿಕೆ ಇಲ್ಲ ಎಂದು ಹಜಾರದ ನಡುವೆ ನಿಂತು ಕೂಗಿದ ಹಾಗೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವಳನ್ನು ಕೇಳಿದೆಯಾ ಎಂದರು. ಕೇಳುವುದೇನಿದೆ, ಹೊರಟಿದ್ದಾರಲ್ಲ ಎಂದೆ.

ಹೊಸದಾಗಿ ಓದಲು ಬಂದವನನ್ನು ಎಲ್ಲರೂ ಹೂಂಗುಟ್ಟಪ್ಪ ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ. ಸೌಮ್ಯ. ನಾನು ಸಿಡುಕಿದರೆ ತಾನೇ ಕ್ಷಮೆ ಕೇಳುವಂಥವನು. ಅವನು ಓದುವಾಗ ನನ್ನ ಬೆರಳುಗಳು ಸರಿಯಾದ ಸಾಲಿಗೆ ಎದ್ದು ಸರಿಯಾದ ಸಾಲಿಗೆ ಮಡಿಚಿಕೊಂಡವು. ಕಳ್ಳತನಕ್ಕೆ ಕಾರಣವೇ ಇರಲಿಲ್ಲ. ಕೋಡ್ ಒಳಗೆ ಹೋಯಿತು.

ಅವಳು ಹಜಾರದ ತನ್ನ ತುದಿಯಲ್ಲಿ, ನಾನು ಈ ತುದಿಯಲ್ಲಿ. ನಡುವೆ ಕುರ್ಚಿಗಳು, ತಲೆಗಳು, ಒಣಗಿದ ಹೂಕುಂಡ. ನೀರು ಕುಡಿಯಲು ಎದ್ದಾಗ ಎದುರಾದರೆ ಅವಳು ನನ್ನ ಕೈಯನ್ನೂ ನೋಡುತ್ತಿರಲಿಲ್ಲ, ಮುಖವನ್ನೂ ನೋಡುತ್ತಿರಲಿಲ್ಲ. ನಾನು ಪ್ರತಿದಿನ ಬೆಳಗ್ಗೆ ಅವಳ ಮೇಜು ಖಾಲಿಯಾಗಿರುತ್ತದೆಂದು ಎಣಿಸಿಯೇ ಒಳಗೆ ಕಾಲಿಡುತ್ತಿದ್ದೆ. ಅವಳು ಅಲ್ಲೇ ಇರುತ್ತಿದ್ದಳು. ಇನ್ನೂ ಹೊರಟಿಲ್ಲವಷ್ಟೇ, ಅಂದುಕೊಳ್ಳುತ್ತಿದ್ದೆ. ಒಮ್ಮೆ ಕೇಳಿಬಿಡೋಣ ಎಂದು ಮಾತ್ರ ತೋಚಲಿಲ್ಲ. ಗೊತ್ತಿರುವುದನ್ನು ಯಾರು ಕೇಳುತ್ತಾರೆ?

ಮನೆಯಲ್ಲಿ ಅತ್ತಿಗೆ ತಟ್ಟೆ ಮುಂದಿಟ್ಟು, ಊಟ ಮಾಡ್ತೀಯೋ ಸಿಟ್ಟನ್ನೇ ಉಣ್ತೀಯೋ ಎಂದು ಕೇಳುವುದನ್ನೂ ಬಿಟ್ಟರು. ಅತ್ತಿಗೆ ಸುಮ್ಮನಾದರೆ ಮನೆಗೆ ಕಾಯಿಲೆ ಬಂದ ಹಾಗೆ.

*

ಮೇಷ್ಟ್ರ ಫೋಲ್ಡರ್ ಕಾಣೆಯಾದದ್ದು ಒಂದು ಸೋಮವಾರ ಬೆಳಗ್ಗೆ.

ನಮ್ಮ ಮದ್ದನ್ನು ನಾವೇ ಮೊದಲು ಕುಡಿಯಬೇಕು ಎನ್ನುವುದು ಮೇಷ್ಟ್ರ ಕಟ್ಟಪ್ಪಣೆ. ಹೊಸ ಕೋಡ್ ಏನೇ ಬರಲಿ, ಅದು ಮೊದಲು ಓಡುವುದು ನಮ್ಮ ಆಫೀಸಿನ ಯಂತ್ರಗಳ ಮೇಲೇ. ಅವರು ವರ್ಷಗಟ್ಟಲೆ ಕೂಡಿಟ್ಟ ಟಿಪ್ಪಣಿ, ಚಿತ್ರ, ಅಳತೆ ಎಲ್ಲ ಇದ್ದ ಫೋಲ್ಡರ್ ಅದು. ಅಳಿಸಿಹೋಗಿರಲಿಲ್ಲ. ಡಿಸ್ಕಿನಲ್ಲಿ ಅದರ ಜಾಗ ತುಂಬಿಯೇ ಇತ್ತು. ಆದರೆ ಯಾವ ದಾರಿಯಿಂದ ಹೋದರೂ ಸಿಗುತ್ತಿರಲಿಲ್ಲ. ಮೇಷ್ಟ್ರು ಕೂಗಾಡಲಿಲ್ಲ. "ಸ್ವಲ್ಪ ನೋಡಪ್ಪಾ" ಎಂದು ತಮ್ಮ ಕುರ್ಚಿಯನ್ನೇ ನನಗೆ ಬಿಟ್ಟುಕೊಟ್ಟು ಪಕ್ಕದಲ್ಲಿ ನಿಂತರು. ಕೂಗಾಡಿದ್ದರೆ ವಾಸಿಯಿತ್ತು.

ಅಂಗಡಿಯಲ್ಲಿ ಕಲಿತ ಕೆಲಸ ಕೈಗೆ ಬಂತು. ಡಿಸ್ಕನ್ನು ಹಸಿಹಸಿಯಾಗಿ, ತುಂಡು ತುಂಡಾಗಿ ಓದುತ್ತ ಹೋದೆ. ಸಿಕ್ಕಿತು. ಮೇಷ್ಟ್ರ ಫೋಲ್ಡರ್ ತನ್ನದೇ ಮರಿ ಫೋಲ್ಡರಿನ ಒಳಗೆ ಹೋಗಿ ಕೂತಿತ್ತು. ಅಪ್ಪನನ್ನು ಮಗನ ಹೊಟ್ಟೆಯಲ್ಲಿ ಇಟ್ಟ ಹಾಗೆ. ಅದರೊಳಗೆ ಇದು, ಇದರೊಳಗೆ ಅದು. ಎರಡೂ ಒಂದನ್ನೊಂದು ತಬ್ಬಿಕೊಂಡು ಹೊರಗಿನ ಲೋಕದಿಂದ ಕಳಚಿಹೋಗಿದ್ದವು. ಎಳೆದು ಸರಿಯಾದ ಜಾಗಕ್ಕೆ ಕಟ್ಟಿದೆ. ಒಂದು ಫೈಲೂ ಹೋಗಿರಲಿಲ್ಲ. ಆದರೆ ಹೀಗಾಗಲು ಸಾಧ್ಯವೇ ಇಲ್ಲ ಎಂದು ನಾನು ಆಣೆ ಮಾಡಿ ಹೇಳುತ್ತಿದ್ದೆ. ಸರಿಸುವ ಮೊದಲು ನನ್ನ ಕೋಡ್ ನೋಡಿಯೇ ನೋಡುತ್ತಿತ್ತು: ಹೋಗಬೇಕಾದ ಫೋಲ್ಡರ್ ಇದರದ್ದೇ ಮರಿಯೋ ಅಲ್ಲವೋ. ಮರಿಯಾದರೆ ಸರಿಸುತ್ತಲೇ ಇರಲಿಲ್ಲ.

ನನ್ನ ಮೇಜಿಗೆ ವಾಪಸ್ ಬಂದಾಗ ಪಕ್ಕದ ಕುರ್ಚಿಯಲ್ಲಿ ಅವಳು ಕೂತಿದ್ದಳು.

"ಕೈ ಇಡು," ಎಂದಳು.

ನಾನು ಎರಡೂ ಕೈ ಮೇಜಿನ ಮೇಲಿಟ್ಟೆ. ಅವಳು ಓದತೊಡಗಿದಳು. ಅಷ್ಟು ದಿನಗಳ ಮೇಲೆ ಆ ದನಿ. ನನ್ನ ಸಾಲುಗಳೇ ಆದರೂ ಅವಳ ಬಾಯಲ್ಲಿ ಸ್ವಲ್ಪ ಒಳ್ಳೆಯವೆನಿಸಿದವು. ಮೊದಲ ಲಾಕ್, ಬೆರಳೆತ್ತಿದೆ. ಇದು ಅದರ ಮರಿಯೇ ಎಂದು ನೋಡುವ ಸಾಲು. ಅಲ್ಲ, ಮುಂದೆ. ಎರಡನೆಯ ಲಾಕ್ ಬೇಕು, ಆದರೆ ಅದರ ಸಂಖ್ಯೆ ದೊಡ್ಡದು, ಕ್ರಮ ತಪ್ಪುತ್ತದೆ. ಆದ್ದರಿಂದ ಮೊದಲನೆಯದನ್ನು ಬಿಡು, ಬೆರಳು ಮಡಿಸಿದೆ. ಕ್ರಮದಲ್ಲಿ ಎರಡನ್ನೂ ಹಿಡಿ, ಎರಡು ಬೆರಳು. ಸರಿಸು.

ಅವಳು ನಿಲ್ಲಿಸಿದಳು.

"ಎರಡು ಬೆರಳು ಸರಿ ಇದೆಯಲ್ಲ," ಎಂದೆ.

"ಬೆರಳು ಸರಿ ಇದೆ. ನಡುವೆ ಒಂದು ಸಲ ಬಿಟ್ಟೆಯಲ್ಲ, ಆಗೇನಾಯ್ತು?"

"ಏನೂ ಆಗಿಲ್ಲ. ಕಣ್ಣು ಮಿಟುಕಿಸೋಷ್ಟು ಹೊತ್ತು."

"ನಿನಗೆ ಅಷ್ಟೇ ಹೊತ್ತು. ಅಷ್ಟರಲ್ಲಿ ಬೇರೆ ಯಾರೋ ಬಂದು ಆ ಫೋಲ್ಡರನ್ನ ಇದರೊಳಗೆ ಸರಿಸಿ ಹೋಗಿದಾರೆ. ನೀನು ವಾಪಸ್ ಬಂದೋನು ಮತ್ತೆ ನೋಡ್ಲಿಲ್ಲ. ಬಿಡೋಕೆ ಮುಂಚೆ ಏನು ನೋಡಿದ್ಯೋ ಅದೇ ನಿಜ ಅಂತ ಸರಿಸಿಬಿಟ್ಟೆ."

ಬೈಗುಳದ ದನಿ ಅಲ್ಲ. ಅವಳು ನಿಜವಾಗಿಯೂ ಕೋಡಿನ ಬಗ್ಗೆಯೇ ಹೇಳುತ್ತಿದ್ದಳು. ಸಾಲಿನ ಮೇಲೆ ಅವಳ ಪೆನ್ನಿನ ತುದಿ ಇತ್ತು. ಮತ್ತೆ ನೋಡುವ ನಾಲ್ಕು ಸಾಲು ಎಲ್ಲಿ ಬರಬೇಕೆಂದು ತೋರಿಸುತ್ತಿದ್ದಳು. ನನ್ನ ಎರಡು ಬೆರಳುಗಳು ಇನ್ನೂ ಎದ್ದೇ ಇದ್ದವು. ನಾನು ಅವನ್ನು ನೋಡುತ್ತ, ಮಾತು ತಪ್ಪಿಸಲು ಬಾಯಿಗೆ ಬಂದದ್ದನ್ನು ಕೇಳಿದೆ.

"ನೀವು ಯಾವತ್ತು ಹೊರಡ್ತೀರಿ?"

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಪೆನ್ನಿಗೆ ಮುಚ್ಚಳ ಹಾಕಿದಳು.

ಆಮೇಲೆ ಹೇಳಿದ್ದನ್ನು ಅವಳು ಪರದೆಯನ್ನು ನೋಡುತ್ತಲೇ ಹೇಳಿದಳು. ತಾರಸಿಯಲ್ಲಿ ಮಾತಾಡಿದ ಆ ಸಂಜೆಯೇ ಅವಳು ಆ ಸಂಸ್ಥೆಗೆ ಬರುವುದಿಲ್ಲ ಎಂದು ಬರೆದಿದ್ದಳು. ಮರುದಿನ ಅದನ್ನು ಹೇಳಬೇಕೆಂದು ಬೇಗ ಬಂದಿದ್ದಳು. ಬಂದರೆ ನಾನು ಮೇಷ್ಟ್ರ ಮುಂದೆ ನಿಂತು ಬೇರೆ ಓದುವವರನ್ನು ಕೇಳುತ್ತಿದ್ದೆ. ನಾನೇ ಬಂದು ಕೇಳುತ್ತೇನೆಂದು ಕಾದಳು. ನಾನು ಬರಲಿಲ್ಲ. ಆ ಸಂಸ್ಥೆಯವರು ಬಿಡದೆ ಇನ್ನೊಮ್ಮೆ ಕೇಳಿದರು.

"ಹೋದ ವಾರ ಹೂಂ ಅಂದೆ," ಎಂದಳು.

ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದಳು. ಇಷ್ಟು ದಿನ ಅವಳು ಹೊರಟುಹೋಗಿದ್ದಾಳೆ ಎಂದು ನಾನು ಶೋಕ ಮಾಡಿದ್ದೆ. ಆ ಹೊತ್ತಿನಲ್ಲೆಲ್ಲ ಅವಳು ಅಲ್ಲೇ, ಕುರ್ಚಿಗಳ ಆಚೆ, ಹೋಗದೆ ಕೂತಿದ್ದಳು. ಈಗ ನಿಜವಾಗಿಯೂ ಹೊರಟಿದ್ದಳು. ಯಾರ ಕುತ್ತಿಗೆಪಟ್ಟಿ ಹಿಡಿಯಲಿ? ಕೈಗೆ ಸಿಕ್ಕದ್ದು ನನ್ನದೇ ಅಂಗಿ.

"ನಾನು ಕೇಳಿದ್ದಿದ್ರೆ?" ಎಂದೆ.

"ಕೇಳಿದ್ದಿದ್ರೂ ಕೊನೆಗೆ ಹೋಗ್ತಿದ್ದೆನೋ ಏನೋ. ಆ ಕೆಲಸ ನನಗೆ ಅಷ್ಟು ಇಷ್ಟ." ಅವಳು ಕುರ್ಚಿಯನ್ನು ಮೇಜಿನಡಿಗೆ ಸರಿಸಿದಳು. "ಆದ್ರೆ ಹೇಳಿ ಹೋಗ್ತಿದ್ದೆ."

"ಏನಂತ?"

"ಮೊದಲು ಆ ನಾಲ್ಕು ಸಾಲು ಬರಿ," ಎಂದು ಅವಳು ತನ್ನ ಮೇಜಿಗೆ ಹೋದಳು.

*

ನಾಲ್ಕು ಸಾಲು ಬರೆಯಲು ನನಗೆ ಇಡೀ ಮಧ್ಯಾಹ್ನ ಬೇಕಾಯಿತು. ಬರೆಯುವುದು ಕಷ್ಟವಲ್ಲ. ಮತ್ತೆ ಹಿಡಿದ ಮೇಲೆ ಮೊದಲಿನಿಂದ ಎಲ್ಲ ನೋಡು. ಆ ಫೈಲ್ ಇನ್ನೂ ಇದೆಯೇ, ಅದೇ ಹೆಸರಿನಲ್ಲಿದೆಯೇ, ಅದರ ತಾಯಿ ಫೋಲ್ಡರ್ ಬದಲಾಗಿಲ್ಲವೇ, ಹೋಗುವ ಜಾಗ ಇದರ ಮರಿಯಾಗಿಲ್ಲವೇ. ಒಂದು ಬದಲಾಗಿದ್ದರೂ ಎಲ್ಲ ಬಿಟ್ಟು ಆರಂಭಕ್ಕೆ ಹೋಗು. ಇಷ್ಟೇ. ಪ್ರತಿ ಸಾಲಿಗೂ ನಾನು ನಿಂತು ನಿಂತು ಬರೆದೆ. ಬಿಟ್ಟು ಬಂದ ಜಾಗ ಬಿಟ್ಟ ಹಾಗೇ ಇರಬೇಕು ಎನ್ನುವ ಹಠ ನನಗೆ ಮೊದಲಿನಿಂದಲೂ ಇತ್ತು. ಶಾಲೆಯ ಗೇಟಿನಿಂದ ಹೊರಟವನು ಅಲ್ಲಿನ ಒಬ್ಬೊಬ್ಬರನ್ನೂ ಅದೇ ಬೆಂಚಿನ ಪಕ್ಕದಲ್ಲಿ, ಅದೇ ಕೋಲು ಹಿಡಿದು ನಿಂತಂತೆಯೇ ಇಟ್ಟುಕೊಂಡಿದ್ದೆ. ಅವರಿಗೆ ವಯಸ್ಸಾಗಿರಬಹುದು, ಅವರು ಬೇರೆಯಾಗಿರಬಹುದು. ನಾನು ಹೋಗಿ ನೋಡಿದವನಲ್ಲ.

ಸಂಜೆ ಅವಳು ಚೀಲ ಹೆಗಲಿಗೇರಿಸಿ ಇಳಿಯುತ್ತಿದ್ದಾಗ ಮೆಟ್ಟಿಲಲ್ಲಿ ಹಿಡಿದೆ. ಹಿಡಿದೆ ಎಂದರೆ ಮುಟ್ಟಲಿಲ್ಲ. ಎರಡು ಮೆಟ್ಟಿಲು ಮೇಲೆ ನಿಂತು ಕರೆದೆ, ಅಷ್ಟೇ. ಕೆಳಗಿನ ಕಿಟಕಿಯಿಂದ ಇಳಿಬಿಸಿಲು ಬಂದು ಅವಳ ಒಂದು ಭುಜದ ಮೇಲೆ ಬಿದ್ದಿತ್ತು.

"ನೀನು ಹೋಗ್ತೀಯ ಅಂತ ನಾನೇ ತೀರ್ಮಾನ ಮಾಡ್ಕೊಂಡೆ," ಎಂದೆ. ಏಕವಚನ ಯಾವಾಗ ಬಂತೋ ನನಗೇ ತಿಳಿಯಲಿಲ್ಲ. "ನಿನ್ನನ್ನ ಕೇಳ್ಲಿಲ್ಲ. ಈಗ ಕೇಳ್ತೀನಿ. ಹೋಗಬೇಡ ಅಂತಲ್ಲ. ನನಗೆ ನೀನಂದ್ರೆ ಪ್ರಾಣ. ಅದು ಆ ಹುಳಿ ಕಿತ್ತಳೆ ತಿಂದ ದಿನದಿಂದ. ನಿನಗೂ ನನ್ನ ಮೇಲೆ ಮನಸ್ಸಿತ್ತು ಅಂತ ಇವತ್ತು ಗೊತ್ತಾಯ್ತು. ಈಗಲೂ ಇದೆಯಾ ಅಂತ ಗೊತ್ತಿಲ್ಲ. ಅದನ್ನ ಕೇಳೋಕೆ ಬಂದೆ."

ಅವಳು ನನ್ನ ಕೈಗಳನ್ನು ನೋಡಿದಳು. ಮುಷ್ಟಿ ಇರಲಿಲ್ಲ. ಸುಮ್ಮನೆ ಜೋಲಾಡುತ್ತಿದ್ದವು, ಏನು ಮಾಡಬೇಕೆಂದು ತಿಳಿಯದ ಎರಡು ಕೈಗಳು. ಆಮೇಲೆ ಮುಖ. ಈ ಸಲ ನೋಟ ಒಂದು ಉಸಿರಿಗೆ ನಿಲ್ಲಲಿಲ್ಲ. ಕಣ್ಣಂಚಿನಲ್ಲಿ ಏನೋ ತುಂಬಿ ಬಂತು, ಅವಳು ಅದನ್ನು ಒರೆಸಲೂ ಇಲ್ಲ, ಬೀಳಲು ಬಿಡಲೂ ಇಲ್ಲ.

"ಇದೆ," ಎಂದಳು. "ಹೋಗೋದೂ ಇದೆ. ಎರಡೂ ಒಟ್ಟಿಗೇ ಇದೆ. ನಿನಗಾಗತ್ತಾ?"

ಆಗುತ್ತದೆ ಎಂದು ಹೇಳಿದ್ದರೆ ಸುಳ್ಳಾಗುತ್ತಿತ್ತು. ನನ್ನೊಳಗೆ ಹಳೆಯ ಸಿಟ್ಟು ಆಗಲೇ ಎದ್ದು ಕೂತಿತ್ತು. ಒಂದೋ ಇರು, ಇಲ್ಲ ಹೋಗು, ಎರಡೂ ಅಂದರೇನು ಎಂದು ಗದರುತ್ತಿತ್ತು.

"ಗೊತ್ತಿಲ್ಲ," ಎಂದೆ. "ಕಲೀತೀನಿ."

ಅವಳು ಒಂದು ಮೆಟ್ಟಿಲು ಹತ್ತಿ ಬಂದಳು. ಈಗ ನಡುವೆ ಒಂದೇ ಮೆಟ್ಟಿಲು. ನನ್ನ ಅಂಗಿಯ ಮೇಲಿನ ಗುಂಡಿ ಬಿಚ್ಚಿಹೋಗಿತ್ತು, ಮಧ್ಯಾಹ್ನ ನಾನೇ ಹಿಡಿದು ಎಳೆದದ್ದು. ಅದನ್ನು ಅವಳು ನಿಧಾನವಾಗಿ ಹಾಕಿದಳು. ಮೇಲಿನಿಂದ ಹೂಂಗುಟ್ಟಪ್ಪ ಇಳಿದು ಬಂದ. ನಮ್ಮನ್ನು ನೋಡಿ, ನೋಡದವನ ಹಾಗೆ, ಏನನ್ನೋ ಮರೆತವನ ಹಾಗೆ ಹಣೆ ತಟ್ಟಿಕೊಂಡು ಮತ್ತೆ ಮೇಲೆ ಹೋದ. ಅವಳು ಅವನ ಬೆನ್ನಿಗೆ ಕೇಳದಷ್ಟು ಮೆಲ್ಲಗೆ ನಕ್ಕಳು. ಆ ಬಿಸಿ ಉಸಿರು ನನ್ನ ಕೊರಳಿಗೆ ತಾಗಿತು.

*

ಅವಳು ಹೊರಟ ದಿನ ಸ್ಟೇಷನ್ನಿಗೆ ಅವಳ ಅಪ್ಪ ಬಂದಿದ್ದರು. ಕೃಶ ದೇಹ, ಇಸ್ತ್ರಿ ಮಾಡಿದ ಅಂಗಿ. ಜೀವಮಾನವಿಡೀ ಹೊಲಿಗೆ ಯಂತ್ರ ರಿಪೇರಿ ಮಾಡಿದವರಂತೆ. ರೈಲು ಬರುವ ಹೊತ್ತಿಗೆ ಅವರು, ನೀರು ತರ್ತೀನಿ ಇರು ಎಂದು ಹೋದರು. ನೀರಿನ ಬಾಟಲಿ ಅವರ ಕೈಯಲ್ಲೇ ಇತ್ತು.

ಅಲ್ಲಿ ಹೋಗಿ ನಾನು ಬದಲಾಗಬಹುದು ಎಂದಳು. ಆಗಬಹುದು ಎಂದೆ. ನೀನೂ ಆಗಬಹುದು ಎಂದಳು. ಅದಕ್ಕೇ ಕೇಳುತ್ತಿರುತ್ತೇನೆ ಎಂದೆ. ದಿನಾ ಕೇಳಿ ತಲೆ ತಿನ್ನಬೇಡ ಎಂದಳು. ನನ್ನ ಅಂಗೈ ಬಿಡಿಸಿ, ಅದರಲ್ಲಿ ತನ್ನ ಅಂಗೈ ಇಟ್ಟಳು. ಸುತ್ತ ಜನ ಪೆಟ್ಟಿಗೆ ಎಳೆದಾಡುತ್ತಿದ್ದರು, ಯಾರೋ ಮಗುವನ್ನು ಕಿಟಕಿಯಿಂದ ಒಳಗೆ ಕೊಡುತ್ತಿದ್ದರು. ರೈಲು ಹೊರಟಾಗ ಅವಳು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಈ ಸಲ ನೇರ ಮುಖವನ್ನೇ.

ಅವಳ ಅಪ್ಪನೂ ನಾನೂ ಜೊತೆಯಲ್ಲೇ ಹೊರಗೆ ಬಂದೆವು. ನನಗೆ ಎದೆಯಲ್ಲಿ ಒಂದು ಕುಲುಮೆ. ಯಾರಾದರೂ ಭುಜ ತಾಗಿಸಿದರೂ ಸಾಕು, ಜಗಳಕ್ಕೆ ಬೀಳುತ್ತಿದ್ದೆ. ಅವರು ನನ್ನ ನಡಿಗೆಗೆ ತಮ್ಮ ನಡಿಗೆ ಹೊಂದಿಸಿಕೊಂಡು ಸ್ವಲ್ಪ ದೂರ ಬಂದರು.

"ನಿಮ್ಮ ವಿಷಯ ನಮ್ಮ ಮನೇಲಿ ಮೊದಲಿಂದ್ಲೂ ಗೊತ್ತು," ಎಂದರು.

ಏನು ಗೊತ್ತೆಂದು ಕೇಳಲು ನನಗೆ ಭಯವಾಯಿತು. ಸಿಡುಕ, ಜಗಳಗಂಟ, ಓದದವನು. ಎಲ್ಲ ಸಿದ್ಧವಾಗಿಟ್ಟುಕೊಂಡೇ ಕೇಳಿದೆ. "ಏನಂತ ಹೇಳ್ತಿದ್ರು?"

"ಏನಿಲ್ಲಪ್ಪ. ಸಂಜೆ ಬರೋಳು. ಚಪ್ಪಲಿ ಬಿಡೋಕೂ ಮುಂಚೆ ಹೇಳೋಳು, ಅಪ್ಪಾ, ಇವತ್ತು ಅವನು ನಕ್ಕ ಅಂತ." ಅವರು ಬಾಟಲಿಯನ್ನು ಈ ಕೈಯಿಂದ ಆ ಕೈಗೆ ದಾಟಿಸಿದರು. "ಯಾರು, ಏನು ಅಂತ ನಾನು ಕೇಳ್ತಿರಲಿಲ್ಲ. ಅಷ್ಟು ಹೇಳಿ ಒಳಗೆ ಹೋಗಿಬಿಡೋಳು."